ಆದಾಯ ತೆರಿಗೆಯ ಕಡಿತಗಳು: ಕೊಳ್ಳುವ ಮೊದಲು ಲೆಕ್ಕ



ಜನವರಿ ತಿಂಗಳು ಬಂತೆಂದರೆ ನಮ್ಮ ವಾಚನಾಲಯದ ಮೇಜಿನ ಸುತ್ತ ಮಾತಿನ ವಿಷಯವೇ ಬದಲಾಗುತ್ತದೆ. ಅದುವರೆಗೆ ಊರಿನ ಮಳೆ, ಬೆಳೆ, ಮದುವೆ, ಯಕ್ಷಗಾನಗಳ ಸುದ್ದಿಯಾಡುತ್ತಿದ್ದವರು ಪತ್ರಿಕೆಯನ್ನು ಮಡಿಸಿಟ್ಟು, "ತೆರಿಗೆ ಉಳಿಸಬೇಕಲ್ಲ, ಏನು ಕೊಳ್ಳೋಣ?" ಎಂದು ಒಬ್ಬರನ್ನೊಬ್ಬರು ಕೇಳತೊಡಗುತ್ತಾರೆ. ನಾನು ಗಿರಣಿಯ ಪಗಾರ ವಿಭಾಗದಲ್ಲಿ ಗುಮಾಸ್ತ. ಹಗಲು ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ವಕೀಲನೂ ಅಲ್ಲ, ಲೆಕ್ಕ ಪರಿಶೋಧಕನೂ ಅಲ್ಲ. ಆದರೆ ವರ್ಷವರ್ಷವೂ ನೂರಾರು ಜನರ ಪಗಾರದ ಕಾಗದಗಳು ನನ್ನ ಕೈಮೇಲೆ ಹಾದುಹೋಗುತ್ತವೆ. ಭಾನುವಾರ ಸಂಜೆ ಇಲ್ಲಿ ಕುಳಿತು ಸದಸ್ಯರ ಫಾರ್ಮುಗಳನ್ನು ತುಂಬಲು ನೆರವಾಗುವುದೂ ಉಂಟು. ಆದಕಾರಣ ಕಾರ್ಯದರ್ಶಿಗಳು ಈ ವಿಷಯವನ್ನು ಪಾಠದಂತೆ ಬರೆದುಕೊಡಬೇಕೆಂದು ಅಪ್ಪಣೆ ಮಾಡಿದರು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. "ಏನು ಕೊಳ್ಳೋಣ?" ಎಂಬುದು ಎರಡನೆಯ ಪ್ರಶ್ನೆ. "ನನಗೆ ತೆರಿಗೆ ಎಷ್ಟು ಬರುತ್ತದೆ?" ಎಂಬುದು ಮೊದಲನೆಯದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋದವರು ಕೈಸುಟ್ಟುಕೊಂಡಿದ್ದಾರೆ. ಅವರಲ್ಲಿ ನಾನೂ ಒಬ್ಬ. ಆ ಕಥೆ ಮುಂದೆ ಬರುತ್ತದೆ.

1. ಕಾಯಿದೆಯ ಪರಿಚಯ

ನಮ್ಮ ದೇಶದಲ್ಲಿ ಆದಾಯ ತೆರಿಗೆಯನ್ನು ಮೊದಲು ತಂದವರು ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಅಧಿಕಾರಿ. ವರ್ಷ 1860. 1857ರ ಹೋರಾಟವನ್ನು ಅಡಗಿಸಲು ಬ್ರಿಟಿಷ್ ಸರಕಾರ ಮಾಡಿದ ಖರ್ಚನ್ನು ತುಂಬಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಮುಂದೆ 1922ರ ಕಾಯಿದೆ ಬಂತು. ಅದರ ಬದಲಿಗೆ 1961ರ ಕಾಯಿದೆಯಾಗಿ, 1962ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಅದರ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯಿದೆ ಬಂದಿದೆ. ಅದರ ಜಾರಿಯ ದಿನ 2026ರ ಏಪ್ರಿಲ್ 1. ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ನಮಗೆಲ್ಲ ಬಾಯಿಪಾಠವಾಗಿದ್ದ 80ಸಿ ಕಲಮು ಅದರಲ್ಲಿ 123ನೆಯದು. ಆದರೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯಕ್ಕೆ 1961ರ ಕಾಯಿದೆಯೇ ಅನ್ವಯಿಸುತ್ತದೆ. ಈ ಪಾಠದ ದರಗಳೂ ಮಿತಿಗಳೂ ಆ 2025-26ರ ಸಾಲಿನವು. ಮುಂದಿನ ಸಾಲುಗಳಿಗೆ ಆಯಾ ವರ್ಷದ ಮುಂಗಡಪತ್ರವನ್ನು ನೋಡಿಕೊಳ್ಳತಕ್ಕದ್ದು. ಅಂಕಿ ಬದಲಾಗಬಹುದು, ಲೆಕ್ಕ ಮಾಡುವ ಬಗೆ ಬದಲಾಗುವುದಿಲ್ಲ.

2. ಮೂರು ಮಾತುಗಳ ಅರ್ಥ

ವಿನಾಯಿತಿ, ಕಡಿತ, ರಿಬೇಟು ಎಂಬ ಮೂರು ಮಾತುಗಳನ್ನು ನಮ್ಮವರು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಗೊಂದಲವೆಲ್ಲ ಇಲ್ಲಿಂದಲೇ ಶುರು.

ವಿನಾಯಿತಿ ಎಂದರೆ ಬಂದ ಹಣದಲ್ಲಿ ಒಂದು ಭಾಗವನ್ನು ಆದಾಯವೆಂದು ಎಣಿಸದೆ ಬಿಡುವುದು. ಮನೆ ಬಾಡಿಗೆ ಭತ್ಯೆ ಇದಕ್ಕೆ ಉದಾಹರಣೆ.

ಕಡಿತ ಎಂದರೆ ಎಣಿಸಿದ ಆದಾಯದಿಂದ ಕಳೆಯುವ ಮೊತ್ತ. ಪ್ರಾವಿಡೆಂಟ್ ಫಂಡು, ವಿಮೆಯ ಕಂತು ಮೊದಲಾದವು ಇದರಲ್ಲಿ ಬರುತ್ತವೆ.

ರಿಬೇಟು ಎಂದರೆ ತೆರಿಗೆಯನ್ನು ಲೆಕ್ಕಹಾಕಿದ ಮೇಲೆ ಆ ತೆರಿಗೆಯಿಂದಲೇ ಕಳೆಯುವುದು.

ಹತ್ತು ಸಾವಿರ ರೂಪಾಯಿಯ ಕಡಿತ ಸಿಕ್ಕಿತೆಂದರೆ ಹತ್ತು ಸಾವಿರ ತೆರಿಗೆ ಉಳಿಯಿತೆಂದು ಅರ್ಥವಲ್ಲ. ಶೇಕಡ 4ರ ಸೆಸ್ಸೂ ಸೇರಿ, ಶೇಕಡ 5ರ ಮೆಟ್ಟಿಲಲ್ಲಿ ಇರುವವನಿಗೆ ಉಳಿಯುವುದು ರೂ. 520, ಶೇಕಡ 20ರವನಿಗೆ ರೂ. 2,080, ಶೇಕಡ 30ರವನಿಗೆ ರೂ. 3,120. ಉಳಿದ ಹಣ ನಿಮ್ಮ ಕಿಸೆಯಿಂದಲೇ ಹೋಗಿರುತ್ತದೆ. ಅದು ಎಲ್ಲಿಗೆ ಹೋಯಿತು, ಎಂದು ಮರಳುತ್ತದೆ ಎಂಬುದನ್ನು ವಿಚಾರಿಸುವುದು ನಿಮ್ಮ ಕೆಲಸ.

3. ಎರಡು ದಾರಿಗಳು

2020-21ರ ಸಾಲಿನಿಂದ ತೆರಿಗೆಗೆ ಎರಡು ಪದ್ಧತಿಗಳಾಗಿವೆ. ಹಳೆಯ ಪದ್ಧತಿಯಲ್ಲಿ ದರ ಹೆಚ್ಚು, ಕಡಿತಗಳೂ ಹೆಚ್ಚು. ಹೊಸ ಪದ್ಧತಿಯಲ್ಲಿ ದರ ಕಡಿಮೆ, ಕಡಿತಗಳು ಬೆರಳೆಣಿಕೆಯಷ್ಟು. 2023-24ರಿಂದ, ನಾವು ಬಾಯಿಬಿಟ್ಟು ಹೇಳದಿದ್ದರೆ ಹೊಸ ಪದ್ಧತಿಯೇ ಎಂದು ಸರಕಾರ ಗೊತ್ತುಮಾಡಿದೆ.

ಹೊಸ ಪದ್ಧತಿ, 2025-26ರ ದರ:
ಮೊದಲ 4 ಲಕ್ಷಕ್ಕೆ ಇಲ್ಲ.
4ರಿಂದ 8 ಲಕ್ಷದವರೆಗೆ ಶೇಕಡ 5.
8ರಿಂದ 12 ಲಕ್ಷದವರೆಗೆ ಶೇಕಡ 10.
12ರಿಂದ 16 ಲಕ್ಷದವರೆಗೆ ಶೇಕಡ 15.
16ರಿಂದ 20 ಲಕ್ಷದವರೆಗೆ ಶೇಕಡ 20.
20ರಿಂದ 24 ಲಕ್ಷದವರೆಗೆ ಶೇಕಡ 25.
ಅದರ ಮೇಲೆ ಶೇಕಡ 30.

ಹಳೆಯ ಪದ್ಧತಿ, 60 ವರ್ಷದೊಳಗಿನವರಿಗೆ:
ಮೊದಲ 2.5 ಲಕ್ಷಕ್ಕೆ ಇಲ್ಲ.
2.5ರಿಂದ 5 ಲಕ್ಷದವರೆಗೆ ಶೇಕಡ 5.
5ರಿಂದ 10 ಲಕ್ಷದವರೆಗೆ ಶೇಕಡ 20.
ಅದರ ಮೇಲೆ ಶೇಕಡ 30.

ಹಳೆಯ ಪದ್ಧತಿಯಲ್ಲಿ 60 ವರ್ಷ ದಾಟಿದವರಿಗೆ ಮೊದಲ 3 ಲಕ್ಷ, 80 ದಾಟಿದವರಿಗೆ ಮೊದಲ 5 ಲಕ್ಷ ತೆರಿಗೆಯಿಲ್ಲದ್ದು. ಹೊಸ ಪದ್ಧತಿಯಲ್ಲಿ ವಯಸ್ಸಿನ ಭೇದವಿಲ್ಲ. ಎರಡರಲ್ಲೂ ತೆರಿಗೆಯ ಮೇಲೆ ಶೇಕಡ 4ರ ಸೆಸ್ಸು ಕೂಡುತ್ತದೆ.

4. ಯಾರಿಗೆ ಈ ಗೋಜೇ ಬೇಡ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಈ ಭಾಗವೇ ಮುಖ್ಯ.

ಹೊಸ ಪದ್ಧತಿಯಲ್ಲಿ ಪಗಾರದಾರನಿಗೂ ಪಿಂಚಣಿದಾರನಿಗೂ ರೂ. 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ ನಿಶ್ಚಿತ ಕಡಿತ ಉಂಟು. ಅದನ್ನು ಕಳೆದ ಮೇಲೆ ಆದಾಯ 12 ಲಕ್ಷ ಮೀರದಿದ್ದರೆ, ರೂ. 60,000ದವರೆಗಿನ ರಿಬೇಟು ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಅಂದರೆ ಬೇರೆ ಆದಾಯವಿಲ್ಲದ ನೌಕರನೊಬ್ಬನ ವರ್ಷದ ಪಗಾರ ರೂ. 12,75,000ದವರೆಗೆ ಇದ್ದರೆ ಅವನು ಯಾವ ಪಾಲಿಸಿ ಕೊಳ್ಳದೆಯೂ ಒಂದು ಪೈಸೆ ತೆರಿಗೆ ಕೊಡಬೇಕಾಗಿಲ್ಲ.

ಉದಾಹರಣೆಗೆ, ತಿಂಗಳಿಗೆ ರೂ. 55,000 ಪಗಾರದವನ ವರ್ಷದ ಆದಾಯ ರೂ. 6,60,000. ಅದರಲ್ಲಿ 75,000 ಕಳೆದರೆ 5,85,000. ನಾಲ್ಕು ಲಕ್ಷದ ಮೇಲಿನ 1,85,000ಕ್ಕೆ ಶೇಕಡ 5ರಂತೆ ತೆರಿಗೆ ರೂ. 9,250. ಅದು ರಿಬೇಟಿನಲ್ಲಿ ವಜಾ. ಇಂಥವನಿಗೆ "ಮಾರ್ಚ್ ಒಳಗೆ ಇದನ್ನು ಕೊಂಡುಬಿಡಿ, ತೆರಿಗೆ ಉಳಿಯುತ್ತದೆ" ಎಂದು ಯಾರಾದರೂ ಹೇಳಿದರೆ, ಉಳಿಸಲು ತೆರಿಗೆಯೇ ಇಲ್ಲವೆಂದು ಧೈರ್ಯವಾಗಿ ಉತ್ತರ ಕೊಡಬಹುದು.

ಇಲ್ಲಿ ಎರಡು ಎಚ್ಚರಿಕೆಗಳು. ಒಂದನೆಯದು, ಷೇರು ಮಾರಿದ ಲಾಭ, ಲಾಟರಿ ಮುಂತಾದ ವಿಶೇಷ ದರದ ಆದಾಯದ ತೆರಿಗೆಗೆ ಹೊಸ ಪದ್ಧತಿಯ ಈ ರಿಬೇಟು ಸಿಗುವುದಿಲ್ಲ. ಎರಡನೆಯದು, ಗೆರೆಯನ್ನು ಸ್ವಲ್ಪ ದಾಟಿದವರು ಹೆದರಬೇಕಾಗಿಲ್ಲ. ಪಗಾರ 12,85,000 ಆದರೆ, ಕಡಿತ ಹೋಗಿ 12,10,000 ಆಗುತ್ತದೆ. ದರದ ಪ್ರಕಾರ ತೆರಿಗೆ 61,500. ಆದರೆ ಗೆರೆ ದಾಟಿದ ಮೊತ್ತ ಹತ್ತು ಸಾವಿರ ಮಾತ್ರವಾದುದರಿಂದ, ತೆರಿಗೆಯೂ ಹತ್ತು ಸಾವಿರಕ್ಕೇ ನಿಲ್ಲುತ್ತದೆ. ಸೆಸ್ಸು ಸೇರಿ ರೂ. 10,400.

ಹೊಸ ಪದ್ಧತಿಯಲ್ಲಿ ಉಳಿದಿರುವ ಇನ್ನೊಂದು ದೊಡ್ಡ ಕಡಿತವೆಂದರೆ, ಮಾಲೀಕರು ನಿಮ್ಮ ಹೆಸರಿನಲ್ಲಿ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಕಟ್ಟುವ ಹಣ. ಮೂಲ ಪಗಾರ ಮತ್ತು ತುಟ್ಟಿಭತ್ಯೆಯ ಶೇಕಡ 14ರವರೆಗೆ ಅದನ್ನು ಕಳೆಯಬಹುದು. ನಿಮ್ಮ ಕಚೇರಿಯಲ್ಲಿ ಈ ಏರ್ಪಾಡು ಇದೆಯೇ ಎಂದು ಕೇಳಿ ನೋಡಿ.

5. ಹಳೆಯ ಪದ್ಧತಿಯ ಕಡಿತಗಳು

ಆದಾಯ ಆ ಗೆರೆಯನ್ನು ಮೀರಿದವರು ಮುಂದಿನ ಪಟ್ಟಿಯನ್ನು ಪೆನ್ಸಿಲು ಹಿಡಿದು ಓದಬೇಕು.

ನಿಶ್ಚಿತ ಕಡಿತ ಇಲ್ಲಿ ರೂ. 50,000. ಮಹಾರಾಷ್ಟ್ರದಲ್ಲಿ ಪಗಾರದಿಂದ ಹಿಡಿಯುವ ವೃತ್ತಿ ತೆರಿಗೆ, ವರ್ಷಕ್ಕೆ ರೂ. 2,500, ಅದೂ ಕಳೆಯತಕ್ಕದ್ದು.

80ಸಿ ಕಲಮು. ಎಲ್ಲ ಸೇರಿ ರೂ. 1,50,000. ಇದರಲ್ಲಿ ಬರುವವು: ಪ್ರಾವಿಡೆಂಟ್ ಫಂಡಿಗೆ ನೌಕರನ ಪಾಲು, ಸಾರ್ವಜನಿಕ ಭವಿಷ್ಯನಿಧಿ, ಜೀವವಿಮೆಯ ಕಂತು, ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ, ಬ್ಯಾಂಕಿನ ಐದು ವರ್ಷದ ತೆರಿಗೆ ಉಳಿತಾಯ ಠೇವಣಿ, ಹೆಣ್ಣುಮಗುವಿನ ಸುಕನ್ಯಾ ಸಮೃದ್ಧಿ ಖಾತೆ, ಮನೆ ಸಾಲದ ಅಸಲು, ಮತ್ತು ಇಬ್ಬರು ಮಕ್ಕಳವರೆಗೆ ಶಾಲೆಯ ಬೋಧನಾ ಶುಲ್ಕ. ಶಾಲೆಯ ದೇಣಿಗೆ, ಅಭಿವೃದ್ಧಿ ಶುಲ್ಕ, ಬಸ್ಸಿನ ಖರ್ಚು ಇದರಲ್ಲಿ ಬರುವುದಿಲ್ಲ.

ಇಲ್ಲಿ ನಮ್ಮವರು ಮರೆಯುವ ಸಂಗತಿಯೆಂದರೆ, ಪ್ರಾವಿಡೆಂಟ್ ಫಂಡು ಆಗಲೇ ಹೋಗುತ್ತಿದೆಯೆಂಬುದು. ತಿಂಗಳಿಗೆ ರೂ. 5,400 ಫಂಡಿಗೆ ಹೋಗುತ್ತಿದ್ದರೆ ವರ್ಷಕ್ಕೆ 64,800 ಆಯಿತು. ಇಬ್ಬರು ಮಕ್ಕಳ ಶುಲ್ಕ 30,000 ಸೇರಿಸಿದರೆ 94,800. ಇನ್ನು ಉಳಿದ ಜಾಗ 55,200 ಮಾತ್ರ. ಇದನ್ನು ನೋಡದೆ ಒಂದೂವರೆ ಲಕ್ಷದ ಪಾಲಿಸಿ ತೆಗೆದರೆ ಮೇಲಿನ ಹಣಕ್ಕೆ ಕಡಿತವಿಲ್ಲ.

ರಾಷ್ಟ್ರೀಯ ಪಿಂಚಣಿ ಯೋಜನೆಗೆ ನೀವೇ ಕಟ್ಟಿದರೆ, ಆ ಒಂದೂವರೆ ಲಕ್ಷದ ಹೊರಗೆ ಇನ್ನೂ ರೂ. 50,000.

80ಡಿ ಕಲಮು, ಆರೋಗ್ಯ ವಿಮೆ. ತನಗೆ, ಹೆಂಡತಿಗೆ, ಮಕ್ಕಳಿಗೆ ಸೇರಿ ರೂ. 25,000. ತಂದೆತಾಯಿಗಳ ವಿಮೆಗೆ ಬೇರೆ 25,000. ಅವರು 60 ದಾಟಿದವರಾದರೆ 50,000. ಊರಿನಲ್ಲಿರುವ ವೃದ್ಧ ತಂದೆತಾಯಿಗಳಿಗೆ ವಿಮೆಯೇ ಇಲ್ಲದಿದ್ದರೆ, ಅವರ ಔಷಧೋಪಚಾರಕ್ಕೆ ನೀವು ಮಾಡಿದ ಖರ್ಚನ್ನೇ 50,000ದವರೆಗೆ ತೋರಿಸಬಹುದು. ಆದರೆ ನಗದು ಕೊಟ್ಟರೆ ಕಡಿತವಿಲ್ಲ. ಬ್ಯಾಂಕಿನ ಮೂಲಕವೇ ಕೊಡತಕ್ಕದ್ದು. ರೋಗ ಬರುವ ಮುಂಚಿನ ತಪಾಸಣೆಗೆ ಮಾತ್ರ ರೂ. 5,000ದವರೆಗೆ ನಗದು ನಡೆಯುತ್ತದೆ. ಅದೂ ಮೇಲಿನ ಮಿತಿಯ ಒಳಗೇ.

ಸ್ವಂತ ವಾಸದ ಮನೆಯ ಸಾಲದ ಬಡ್ಡಿ, ರೂ. 2,00,000ದವರೆಗೆ. ಉನ್ನತ ವಿದ್ಯಾಭ್ಯಾಸದ ಸಾಲದ ಬಡ್ಡಿ, ಮಿತಿಯಿಲ್ಲದೆ, ಎಂಟು ವರ್ಷಗಳವರೆಗೆ.

ಉಳಿತಾಯ ಖಾತೆಯ ಬಡ್ಡಿಗೆ ರೂ. 10,000. ಅರವತ್ತು ದಾಟಿದವರಿಗೆ ಠೇವಣಿಯ ಬಡ್ಡಿಯೂ ಸೇರಿ ರೂ. 50,000.

ಅವಲಂಬಿತರಲ್ಲಿ ಅಂಗವಿಕಲರಿದ್ದರೆ ರೂ. 75,000, ವೈಕಲ್ಯ ಶೇಕಡ 80 ಅಥವಾ ಅದಕ್ಕೂ ಹೆಚ್ಚಿದ್ದರೆ ರೂ. 1,25,000. ಇದು ಖರ್ಚಿನ ಬಿಲ್ಲುಗಳಿಗೆ ತಕ್ಕಂತೆ ಏರಿಳಿಯುವುದಿಲ್ಲ, ನಿಶ್ಚಿತ ಮೊತ್ತ. ಆದರೆ ಸರಕಾರಿ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಬೇಕು.

6. ಮನೆ ಬಾಡಿಗೆ

ಹಳೆಯ ಪದ್ಧತಿಯಲ್ಲಿ ಬಾಡಿಗೆ ಭತ್ಯೆಯ ವಿನಾಯಿತಿಗೆ ಮೂರು ಮೊತ್ತಗಳನ್ನು ಬರೆದು ಅತಿ ಕಡಿಮೆಯದನ್ನು ತೆಗೆದುಕೊಳ್ಳಬೇಕು. ಒಂದು, ಬಂದ ಭತ್ಯೆ. ಎರಡು, ಕೊಟ್ಟ ಬಾಡಿಗೆಯಲ್ಲಿ ಪಗಾರದ ಹತ್ತನೇ ಒಂದು ಭಾಗ ಕಳೆದು ಉಳಿದದ್ದು. ಮೂರು, ಪಗಾರದ ಅರ್ಧ ಅಥವಾ ಶೇಕಡ 40. ಇಲ್ಲಿ ಪಗಾರವೆಂದರೆ ಮೂಲ ಪಗಾರವೂ ಸೇವಾ ನಿಯಮದಂತೆ ನಿವೃತ್ತಿ ಲೆಕ್ಕಕ್ಕೆ ಸೇರುವ ತುಟ್ಟಿಭತ್ಯೆಯೂ ಕೂಡಿದ್ದು.

2025-26ರ ಸಾಲಿಗೆ ಅರ್ಧದ ಲೆಕ್ಕ ಮುಂಬಯಿ, ದಿಲ್ಲಿ, ಕೋಲ್ಕತ್ತ, ಚೆನ್ನೈ ಈ ನಾಲ್ಕು ಊರುಗಳಿಗೆ ಮಾತ್ರ. ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಶೇಕಡ 40. ನೋಡಬೇಕಾದದ್ದು ಮನೆ ಎಲ್ಲಿದೆಯೆಂದು, ಕಚೇರಿ ಎಲ್ಲಿದೆಯೆಂದಲ್ಲ. ಫೋರ್ಟಿನಲ್ಲಿ ಕೆಲಸ ಮಾಡಿ ಡೊಂಬಿವಲಿ, ಠಾಣೆ, ಕಲ್ಯಾಣಗಳಲ್ಲಿ ಮಲಗುವ ನಮ್ಮ ಜನರಿಗೆ ಇದು ಗೊತ್ತಿರಬೇಕು. ಮುಲುಂಡ್ ಚೆಕ್‌ನಾಕಾದ ಈಚೆ ಮನೆಯಿದ್ದರೆ ಅರ್ಧ, ಆಚೆ ಇದ್ದರೆ ಶೇಕಡ 40.

ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮನೆಯ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಚೇರಿಗೆ ಕೊಡಬೇಕು. ಸ್ವಂತ ತಂದೆಯ ಮನೆಯಲ್ಲಿದ್ದು ಅವರಿಗೆ ನಿಜವಾಗಿಯೂ ಬಾಡಿಗೆ ಕೊಟ್ಟರೆ ಅದೂ ನಡೆಯುತ್ತದೆ. ಆದರೆ ತಂದೆಯವರು ಆ ಹಣವನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಕೊಡದ ಬಾಡಿಗೆಗೆ ಪಾವತಿ ಬರೆಸಿಕೊಳ್ಳುವ ಅಭ್ಯಾಸ ಕೆಲವರಲ್ಲಿದೆ. ನನ್ನ ಬಳಿಯೂ ಒಬ್ಬ ಮಿತ್ರರು ಖಾಲಿ ಪಾವತಿ ಪುಸ್ತಕ ತಂದು, "ನಿನ್ನ ಅಕ್ಷರ ಚೆನ್ನಾಗಿದೆ, ಬರೆದುಕೊಡು" ಎಂದರು. ನಾನು ಬರೆಯಲಿಲ್ಲ, ಅವರು ಎರಡು ತಿಂಗಳು ಮಾತಾಡಲಿಲ್ಲ. ಇಂಥ ಸುಳ್ಳು ಲೆಕ್ಕ ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಬೀಳಬಹುದು, ತೆರಿಗೆ ಬೇರೆ. ಈಗ ಮಾತಾಡುತ್ತಾರೆ.

7. ಎರಡು ಮನೆಗಳ ಲೆಕ್ಕ

ಮೊದಲನೆಯದು ಒಬ್ಬ ತರುಣನದು. ವರ್ಷದ ಪಗಾರ 15 ಲಕ್ಷ. ಬಾಡಿಗೆ ಮನೆ ಠಾಣೆಯಲ್ಲಿ, ತಿಂಗಳಿಗೆ 36,000. ಮೂಲ ಪಗಾರ ತಿಂಗಳಿಗೆ 60,000, ಬಾಡಿಗೆ ಭತ್ಯೆ 30,000.

ಹೊಸ ಪದ್ಧತಿ: 75,000 ಕಳೆದು 14,25,000. ತೆರಿಗೆ 20,000, 40,000, 33,750; ಒಟ್ಟು 93,750. ಸೆಸ್ಸು 3,750. ಕೊಡತಕ್ಕದ್ದು ರೂ. 97,500.

ಹಳೆಯ ಪದ್ಧತಿ: ಬಾಡಿಗೆಯ ಮೂರು ಮೊತ್ತಗಳು: ಬಂದ ಭತ್ಯೆ 3,60,000, ಕೊಟ್ಟ ಬಾಡಿಗೆ 4,32,000ದಲ್ಲಿ 72,000 ಕಳೆದು 3,60,000, ಪಗಾರದ ಶೇಕಡ 40 ಎಂದರೆ 2,88,000. ಕಡಿಮೆಯದು 2,88,000. ಇದಕ್ಕೆ ನಿಶ್ಚಿತ ಕಡಿತ 50,000, ವೃತ್ತಿ ತೆರಿಗೆ 2,500, 80ಸಿ 1,50,000, ತನ್ನ ಮತ್ತು ಊರಿನ ತಂದೆತಾಯಿಗಳ ಆರೋಗ್ಯ ವಿಮೆ 50,000 ಸೇರಿಸಿದರೆ ಒಟ್ಟು 5,40,500. ಉಳಿದ ಆದಾಯ 9,59,500, ತೆರಿಗೆ 1,04,400, ಸೆಸ್ಸು ಸೇರಿ ರೂ. 1,08,576. ಆದ್ದರಿಂದ ಹೊಸ ಪದ್ಧತಿಯಲ್ಲೇ ಅವನಿಗೆ ರೂ. 11,076 ಲಾಭ.

ಇದೇ ತರುಣ ಇದೇ ಬಾಡಿಗೆಗೆ ಮುಲುಂಡಿನಲ್ಲಿದ್ದಿದ್ದರೆ? ಬಾಡಿಗೆಯ ವಿನಾಯಿತಿ 3,60,000 ಆಗುತ್ತಿತ್ತು, ಒಟ್ಟು ಕಡಿತ 6,12,500, ಆದಾಯ 8,87,500, ಸೆಸ್ಸು ಸೇರಿ ತೆರಿಗೆ ರೂ. 93,600. ಆಗ ಹಳೆಯ ಪದ್ಧತಿಯೇ ರೂ. 3,900 ಅಗ್ಗ. ಹದಿನೈದು ಲಕ್ಷದ ಪಗಾರಕ್ಕೆ ಸರಿಸಮದ ಗೆರೆ ರೂ. 5,93,750. ಎಲ್ಲ ಕಡಿತಗಳೂ ವಿನಾಯಿತಿಗಳೂ ಸೇರಿ ಇದನ್ನು ಮೀರಿದರೆ ಮಾತ್ರ ಹಳೆಯ ದಾರಿ ಹಿಡಿಯಬೇಕು.

ಎರಡನೆಯದು ನಮ್ಮ ಹಿರಿಯ ಸದಸ್ಯರೊಬ್ಬರದು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಅವರದೂ 15 ಲಕ್ಷದ ಪಗಾರ. ಸಾಲದ ಮೇಲೆ ಕೊಂಡ ಮನೆ. ಒಂದು ಭಾನುವಾರ ಅವರ ಕಾಗದಗಳನ್ನು ಕೂಡಿಸಿದೆವು. ನಿಶ್ಚಿತ ಕಡಿತ 50,000, ವೃತ್ತಿ ತೆರಿಗೆ 2,500, 80ಸಿ 1,50,000, ಪಿಂಚಣಿ ಯೋಜನೆ 50,000, ಆರೋಗ್ಯ ವಿಮೆ ತಮಗೂ ವೃದ್ಧ ತಾಯಿಗೂ ಸೇರಿ 75,000, ಮನೆಸಾಲದ ಬಡ್ಡಿ 2,00,000. ಒಟ್ಟು 5,27,500. ಗೆರೆಗೆ ಮುಟ್ಟಲಿಲ್ಲ. "ಹೊಸ ಪದ್ಧತಿಯೇ ಸರಿ, ರಾಯರೇ" ಎಂದೆ. ಅವರು ತಲೆಯಾಡಿಸಿದರು, ಆದರೆ ಏಳಲಿಲ್ಲ. ಉಳಿದವರೆಲ್ಲ ಹೋಗಿ, ನಾನು ಕಿಟಕಿ ಮುಚ್ಚುವ ಹೊತ್ತಿಗೆ, ಅಂಗಿಯ ಒಳಗಿನ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅವರ ಮಗಳದು. ಹುಟ್ಟಿನಿಂದಲೇ ಎದ್ದು ನಡೆಯಲಾರಳು. ಶೇಕಡ 80ಕ್ಕೂ ಮೀರಿದ ವೈಕಲ್ಯವೆಂದು ಸರಕಾರಿ ಆಸ್ಪತ್ರೆಯ ಪ್ರಮಾಣಪತ್ರ.

"ಇದಕ್ಕೂ ತೆರಿಗೆಗೂ ಸಂಬಂಧವಿದೆಯೇನಪ್ಪಾ?" ಎಂದು ಕೇಳಿದರು.

ಇದೆ ಎಂದೆ. 1,25,000 ಸೇರಿ ಒಟ್ಟು ಕಡಿತ 6,52,500 ಆಯಿತು. ಆದಾಯ 8,47,500, ತೆರಿಗೆ 82,000, ಸೆಸ್ಸು 3,280, ಕೊಡತಕ್ಕದ್ದು ರೂ. 85,280. ಹೊಸ ಪದ್ಧತಿಗಿಂತ ರೂ. 12,220 ಕಡಿಮೆ. ಆದರೆ ಒಂದೇ ಪದ್ಧತಿ ಇದ್ದ ಹಿಂದಿನ ವರ್ಷಗಳಲ್ಲಿ, ಶೇಕಡ 20ರ ಮೆಟ್ಟಿಲಲ್ಲಿದ್ದಾಗ, ಇದೇ ಕಾಗದ ವರ್ಷಕ್ಕೆ ರೂ. 26,000 ಉಳಿಸಬಹುದಾಗಿತ್ತು. ಅವರು ಅದನ್ನು ಕಚೇರಿಯಲ್ಲಿ ಯಾರಿಗೂ ತೋರಿಸಿರಲಿಲ್ಲ. "ಮಗಳ ಸಂಗತಿ ನಾಲ್ಕು ಜನರ ಬಾಯಿಗೆ ಬೀಳುವುದು ಬೇಡವೆನಿಸಿತು" ಎಂದರು. ಕಳೆದ ವರ್ಷಗಳದು ಕಳೆದೇ ಹೋಯಿತು.

ಇಂಥ ತಂದೆತಾಯಿಗಳಿಗೆ ನನ್ನ ಅರಿಕೆ ಇಷ್ಟೆ. ಇದು ದಾನವಲ್ಲ, ಕಾಯಿದೆ ಕೊಟ್ಟ ಹಕ್ಕು. ಕಚೇರಿಗೆ ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡಿ. ರಿಟರ್ನು ಸಲ್ಲಿಸುವಾಗ ನೀವೇ ನೇರವಾಗಿ ಬರೆಯಬಹುದು. ಹೆಚ್ಚಾಗಿ ಹಿಡಿದ ತೆರಿಗೆ ನಿಮ್ಮ ಬ್ಯಾಂಕ್ ಖಾತೆಗೆ ಮರಳುತ್ತದೆ.

8. ನಾನು ಕಲಿತ ಪಾಠ

2019ರ ಮಾರ್ಚ್ ಕೊನೆಯ ವಾರ. ಪರಿಚಯದ ಏಜೆಂಟರೊಬ್ಬರು ಗಿರಣಿಯ ಬಾಗಿಲಲ್ಲೇ ಹಿಡಿದರು. "ಇನ್ನು ನಾಲ್ಕೇ ದಿನ" ಎಂದರು. ವರ್ಷಕ್ಕೆ ರೂ. 30,000 ಕಂತಿನ, ಇಪ್ಪತ್ತು ವರ್ಷದ ಪಾಲಿಸಿಗೆ ನಿಂತಲ್ಲೇ ಸಹಿ ಹಾಕಿದೆ. ನನ್ನ ಆದಾಯ ಆಗ ಶೇಕಡ 5ರ ಮೆಟ್ಟಿಲಲ್ಲಿತ್ತು. ಉಳಿದ ತೆರಿಗೆ ರೂ. 1,560.

ಮರುವರ್ಷ ತಂದೆಯವರು ಹಾಸಿಗೆ ಹಿಡಿದರು. ಊರಿಗೆ ಹಣ ಕಳಿಸುವುದೇ ಕಷ್ಟವಾಯಿತು. ಎರಡನೆಯ ಕಂತು ಕಟ್ಟಲಾಗಲಿಲ್ಲ; ಪಾಲಿಸಿ ರದ್ದಾಯಿತು. ಒಂದೇ ಕಂತು ಕಟ್ಟಿದ್ದರಿಂದ ಕೈಗೆ ಏನೂ ಮರಳಲಿಲ್ಲ. ಎರಡು ವರ್ಷ ಕಂತು ಕಟ್ಟದೆ ನಿಲ್ಲಿಸಿದರೆ ಹಿಂದೆ ಪಡೆದ ಕಡಿತವನ್ನೂ ಆದಾಯಕ್ಕೆ ಮರಳಿ ಸೇರಿಸಬೇಕೆಂದು ಆಮೇಲೆ ತಿಳಿಯಿತು. ರೂ. 1,560 ಉಳಿಸಹೋಗಿ 30,000 ಕಳೆದೆ, ಆ 1,560 ಕೂಡ ಉಳಿಯಲಿಲ್ಲ. ಏಜೆಂಟರನ್ನು ದೂರುವುದಿಲ್ಲ, ಸಹಿ ಹಾಕಿದ ಕೈ ನನ್ನದು, ಅದೂ ಪಗಾರದ ಲೆಕ್ಕ ಬರೆಯುವ ಕೈ. ಅದೇ ಹಣದಲ್ಲಿ ತಂದೆಯವರಿಗೆ ಆರೋಗ್ಯ ವಿಮೆ ಮಾಡಿಸಿದ್ದರೆ ಕಡಿತವೂ ಸಿಗುತ್ತಿತ್ತು, ಆಸ್ಪತ್ರೆಯ ಬಿಲ್ಲಿಗೂ ಆಸರೆಯಾಗುತ್ತಿತ್ತು ಎಂಬ ನೋವು ಈಗಲೂ ಇದೆ.

ಆದುದರಿಂದ ಏನನ್ನಾದರೂ ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ತೆರಿಗೆಯೇ ಇಲ್ಲದಿದ್ದರೂ ಇದನ್ನು ಕೊಳ್ಳುತ್ತಿದ್ದೆನೇ? ಮನೆಯಲ್ಲಿ ಕಾಯಿಲೆ ಬಂದ ವರ್ಷವೂ ಇದರ ಕಂತು ಕಟ್ಟಬಲ್ಲೆನೇ? ಹಣ ಎಷ್ಟು ವರ್ಷ ಸಿಕ್ಕಿಬೀಳುತ್ತದೆ? ಉಳಿತಾಯ ಪತ್ರಕ್ಕೂ ತೆರಿಗೆ ಉಳಿತಾಯ ಠೇವಣಿಗೂ ಐದು ವರ್ಷ, ಸಾರ್ವಜನಿಕ ಭವಿಷ್ಯನಿಧಿಗೆ ಹದಿನೈದು ವರ್ಷ. ಹೊಸ ಪದ್ಧತಿಯವರಿಗೂ ಒಂದು ಮಾತು: ಕಡಿತವಿಲ್ಲವೆಂದು ಆರೋಗ್ಯ ವಿಮೆಯನ್ನು ಬಿಟ್ಟುಬಿಡಬೇಡಿ. ವಿಮೆ ಇರುವುದು ಕಾಯಿಲೆಗೆ, ತೆರಿಗೆಗಲ್ಲ.

9. ಕಾಲ ಮೀರಬಾರದು

ಏಪ್ರಿಲ್‌ನಲ್ಲೇ ಯಾವ ಪದ್ಧತಿಯೆಂದು ಕಚೇರಿಗೆ ತಿಳಿಸಿ. ಕಚೇರಿ ಪುರಾವೆ ಕೇಳಿದಾಗ, ಸಾಮಾನ್ಯವಾಗಿ ಜನವರಿ ಹೊತ್ತಿಗೆ, ಕಾಗದ ಕೊಡಿ. ಜೂನ್‌ನಲ್ಲಿ ಫಾರ್ಮ್ 16 ಕೈಸೇರಿದ ಮೇಲೆ, ಇಲಾಖೆಯ ತಾಣದಲ್ಲಿರುವ ವಾರ್ಷಿಕ ಮಾಹಿತಿ ಪಟ್ಟಿಯೊಂದಿಗೆ ತಾಳೆ ನೋಡಿ. ಬ್ಯಾಂಕ್ ಬಡ್ಡಿ ಮರೆತಿರುವುದು ಅಲ್ಲಿ ಕಾಣುತ್ತದೆ.

ಕಚೇರಿಗೆ ಹೇಳಿದ ಪದ್ಧತಿಯನ್ನು ಪಗಾರದಾರರು ರಿಟರ್ನಿನಲ್ಲಿ ಬದಲಾಯಿಸಬಹುದು. ಆದರೆ ಹಳೆಯ ಪದ್ಧತಿ ಬೇಕಾದರೆ ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ಸಲ್ಲಿಸಲೇಬೇಕು. ತಡವಾದರೆ ಹೊಸ ಪದ್ಧತಿ ಮಾತ್ರ. ಕೂಡಿಟ್ಟ ಕಾಗದಗಳೆಲ್ಲ ರದ್ದಿಗೆ ಸಮಾನ. ಮೇಲೆ ತಡದ ಶುಲ್ಕ: ಆದಾಯ ಐದು ಲಕ್ಷದೊಳಗಿದ್ದರೆ ರೂ. 1,000, ಮೀರಿದರೆ ರೂ. 5,000. ಸಲ್ಲಿಸಿದ 30 ದಿನಗಳೊಳಗೆ ದೃಢೀಕರಿಸುವುದನ್ನೂ ಮರೆಯಬಾರದು. ದೃಢೀಕರಿಸದ ರಿಟರ್ನು ಸಲ್ಲಿಸದಂತೆಯೇ.

10. ಮನೆಯಲ್ಲಿ ಮಾಡಿ ನೋಡಿ

ಅ) ವರ್ಷದ ಪಗಾರ ರೂ. 9,00,000; ಬೇರೆ ಆದಾಯವಿಲ್ಲ. 2025-26ಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಎಷ್ಟು?
ಆ) ಫಂಡಿಗೆ ತಿಂಗಳಿಗೆ ರೂ. 7,000, ಒಂದು ಮಗುವಿನ ಬೋಧನಾ ಶುಲ್ಕ ರೂ. 26,000. 80ಸಿ ಕಲಮಿನಲ್ಲಿ ಇನ್ನೆಷ್ಟು ಜಾಗ ಉಳಿಯಿತು?
ಇ) ತಾಯಿಗೆ 66 ವರ್ಷ, ವಿಮೆಯಿಲ್ಲ. ಔಷಧಕ್ಕೆ ಬ್ಯಾಂಕಿನಿಂದ ರೂ. 32,000, ನಗದು ರೂ. 8,000 ಕೊಟ್ಟಿದ್ದೀರಿ. ಹಳೆಯ ಪದ್ಧತಿಯಲ್ಲಿ ಎಷ್ಟು ಕಳೆಯಬಹುದು?

ಉತ್ತರಗಳು: ಅ) ಸೊನ್ನೆ. ಆ) ರೂ. 40,000. ಇ) ರೂ. 32,000.

ಉತ್ತರ ತಾಳೆಯಾಗದವರು ಭಾನುವಾರ ಸಂಜೆ ವಾಚನಾಲಯಕ್ಕೆ ಬರಬೇಕಾಗಿ ವಿನಂತಿ. ಬರುವಾಗ ಪಗಾರದ ಚೀಟಿ, ಫಾರ್ಮ್ 16, ಬ್ಯಾಂಕಿನ ಬಡ್ಡಿ ಪತ್ರ ತನ್ನಿ. ನಾಲ್ಕು ಜನರ ಮುಂದೆ ತೆಗೆಯಲು ಸಂಕೋಚವೆನಿಸುವ ಕಾಗದವಿದ್ದರೆ ಸ್ವಲ್ಪ ತಡಮಾಡಿ ಬನ್ನಿ. ಕಿಟಕಿ ಮುಚ್ಚಿದ ಮೇಲೂ ನಾನು ಅರ್ಧ ಗಂಟೆ ಇರುತ್ತೇನೆ.